ಮೂರು ಬೆರಳಿನ ಬಾಯಿ

ತಿಕೋಟಾದಲ್ಲಿ ಆ ರಾತ್ರಿ ಕರೆಂಟು ಹೋಗದೇ ಇದ್ದಿದ್ದರೆ ಅಮೋಘಸಿದ್ದನ ಮಾನ ಹೀಗೆ ಮೂರು ಊರಿನಲ್ಲಿ ಹರಾಜಾಗುತ್ತಿರಲಿಲ್ಲ. ಕರೆಂಟು ಹೋಯಿತು, ಮೊಬೈಲು ಚಾರ್ಜ್ ಆಗಲಿಲ್ಲ. ಬೆಳಿಗ್ಗೆ ಅವನು ಬೈಕು ಹತ್ತಿ ವಿಜಯಪುರಕ್ಕೆ ಬರುವ ಹೊತ್ತಿಗೆ ಅದು ಕೆಂಪು ಗೆರೆ ತೋರಿಸುತ್ತ ಗುಟುಕು ಜೀವ ಹಿಡಿದುಕೊಂಡಿತ್ತು. ಕಾರಣ ಇಷ್ಟೇ. ಉಳಿದದ್ದೆಲ್ಲ ಬಂಧು ಬಳಗದವರ, ಓಣಿಯವರ ಪ್ರೀತಿ ವಿಶ್ವಾಸದ ಫಲ.

ಅಮೋಘಸಿದ್ದ ಲಾರಿ ಡ್ರೈವರ್. ಜೋರಾಪುರ ಪೇಟೆಯ ಸಾವಕಾರ ಗುರಲಿಂಗಪ್ಪನವರ ಒಣದ್ರಾಕ್ಷಿ ಪೆಟ್ಟಿಗೆಗಳನ್ನು ಹೇರಿಕೊಂಡು ದಿಲ್ಲಿ, ಕಲ್ಕತ್ತಾ ಎಂದು ವಾರಗಟ್ಟಲೆ ತಿರುಗುವವನು. ಅವನ ಹಳೆಯ ಲಾರಿಯ ಎಂಜಿನ್ನು ಎಂಥದೆಂದರೆ, ಅದರ ಕಾವಿಗೆ ಅವನ ಎಡಗಾಲು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಈಗ ಸಾವಕಾರರು ಏಸಿ ಕ್ಯಾಬಿನ್ನಿನ ಹೊಸ ಲಾರಿ ತಂದಿದ್ದರು. "ಸಂಜೀಕ ಪೂಜಿ ಮಾಡಿ ಚಾವಿ ನಿನ್ನ ಕೈಯಾಗ ಕೊಡ್ತೀನಿ. ನಾಳೆ ಕಲ್ಕತ್ತಾಕ್ಕ ಹೊಂಡು" ಎಂದು ತಾವಾಗಿಯೇ ಹೇಳಿದ್ದರು. ಹೆಂಡತಿ ರಾಚವ್ವ ಆ ಕ್ಯಾಬಿನ್ನಿನಲ್ಲಿ ಕಟ್ಟಲೆಂದು ಕೆಂಪು ಉಣ್ಣೆಯ ಗೊಂಡೆಯೊಂದನ್ನು ಹೆಣೆದು ಕೊಟ್ಟಿದ್ದಳು. ಅದು ಅವನ ಅಂಗಿಯ ಕಿಸೆಯಲ್ಲಿತ್ತು. ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಸಂಜೆಯ ಪೂಜೆಗೆ ಮೊದಲು ಬೆಳಗಿನದೊಂದು ಕೆಲಸವಿತ್ತು. ಬೈಪಾಸಿನ ಲಾರಿ ಸ್ಟ್ಯಾಂಡಿನಲ್ಲಿ ಡ್ರೈವರುಗಳ ಕ್ಯಾನ್ಸರ್ ತಪಾಸಣೆಯ ಶಿಬಿರ. ಶಾಮಿಯಾನ, ಮೈಕು, ಉಪ್ಪಿಟ್ಟು ಎಲ್ಲವೂ ಗುರಲಿಂಗಪ್ಪನವರದೇ ಖರ್ಚು. ಅವರು ಶಾಮಿಯಾನದ ಹಿಂದೆ ಹೋಗಿ, ದವಡೆಯಲ್ಲಿದ್ದ ಅಡಿಕೆ-ತಂಬಾಕಿನ ಮುದ್ದೆಯನ್ನು ಉಗುಳಿ ಬಂದು ಭಾಷಣಕ್ಕೆ ನಿಂತರು.

"ತಂಬಾಕಂದ್ರ ವಿಷ! ನೀವು ತಿಂಗಳಗಟ್ಟಲೆ ರೋಡಿನ ಮ್ಯಾಲ ಇರ್ತೀರಿ, ನಿದ್ದಿ ಬರಬಾರದು ಅಂತ ಗುಟಖಾ ಹಾಕ್ತೀರಿ. ಆಮ್ಯಾಲ ಅಳಾವ್ರು ಯಾರು? ನಿಮ್ಮ ಹೆಂಡ್ರು ಮಕ್ಕಳು! ಹೆದರಬ್ಯಾಡ್ರಿ. ಗಂಡಸೂರಂಗ ಬಾಯಿ ತೆರದು ತೋರಿಸ್ರಿ!"

ಚಪ್ಪಾಳೆ ಬಿತ್ತು. ಸಾವಕಾರರು ಕೈ ಮುಗಿದು ಕೆಳಗಿಳಿದು, ಮತ್ತೊಂದು ಮುದ್ದೆಯನ್ನು ದವಡೆಗೆ ಏರಿಸಿದರು. ಅದೊಂದು ಇಲ್ಲದೆ ಅವರ ಎಡಗೆನ್ನೆಯನ್ನು ಪೇಟೆಯಲ್ಲಿ ಯಾರೂ ಕಂಡವರಿಲ್ಲ.

ಡಾಕ್ಟರ್ ನಿರ್ಮಲಾ ಭಾಷಣ ಮಾಡಲಿಲ್ಲ. ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ತಮ್ಮ ಬಾಯಿಗೆ ಇಟ್ಟುಕೊಂಡು ತೋರಿಸಿದರು. "ಹಿಂಗ ಮೂರು ಬೆರಳು ಸಲೀಸ ಒಳಗ ಹೋಗಬೇಕ್ರಿ. ಹೋಗಲಿಲ್ಲಂದ್ರ ನನ್ನ ಹತ್ರ ಬರ್ರಿ. ಬಿಳಿ ಕಲೆ, ಕೆಂಪು ಕಲೆ, ಎರಡು ವಾರಾದ್ರೂ ಮಾಯದ ಹುಣ್ಣು ಇದ್ರ ಮುಚ್ಚಿಡಬ್ಯಾಡ್ರಿ. ಲಗೂನ ಬಂದ್ರ ಗುಣ ಆಗ್ತದ. ತಡಾ ಮಾಡಿ ಬಂದ್ರ ನಾನೂ ಅಳಬೇಕು, ನೀವೂ ಅಳಬೇಕು."

ಶಾಮಿಯಾನದ ತುಂಬ ಡ್ರೈವರುಗಳು ಬಾಯಿಗೆ ಬೆರಳು ತುರುಕಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಅಮೋಘಸಿದ್ದನ ಮೂರು ಬೆರಳೂ ಸಲೀಸಾಗಿ ಹೋದವು. ರಾಚವ್ವ ಒಂದು ದಿನ ಸಿಟ್ಟಿನಿಂದ ಅವನ ತಂಬಾಕಿನ ಚಂಚಿಯನ್ನು ಒಲೆಗೆ ಹಾಕಿದ್ದಳು. ಅಂದಿನಿಂದ ಅವನು ಆ ಕಡೆ ತಲೆ ಹಾಕಿರಲಿಲ್ಲ. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಬಾಯಿ ಸ್ವಚ್ಛ ಅದ. ಹಿಂಗ ಇರ್ರಿ" ಎಂದು ಬೆನ್ನು ತಟ್ಟಿ, ದವಾಖಾನೆಯ ಫೋನ್ ನಂಬರು ಅಚ್ಚಾಗಿದ್ದ ಸ್ಟೀಲಿನ ನೀರಿನ ಬಾಟಲಿ ಕೊಟ್ಟು ಕಳಿಸಿದರು.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅಮೋಘಸಿದ್ದನಿಗೆ ಮೊಬೈಲಿನ ಚಿಂತೆ. ಇಡೀ ಸ್ಟ್ಯಾಂಡಿನಲ್ಲಿ ಖಾಲಿ ಇದ್ದ ಪ್ಲಗ್ಗು ಒಂದೇ. ಅದು ಇದ್ದದ್ದು ಸ್ಟ್ಯಾಂಡಿನ ಆಫೀಸಿನಲ್ಲಿ, ಡಾಕ್ಟರಿಗೆ ಬಿಟ್ಟುಕೊಟ್ಟ ಒಳಕೋಣೆಯ ಹೊರಗಿನ ಪಡಸಾಲೆಯಲ್ಲಿ, ಒಂದು ಬೆಂಚಿನ ಮೇಲ್ಗಡೆ. ಯಾರ ಬಾಯಿಯನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕೋ ಅವರನ್ನು ಕೂಡಿಸಲೆಂದು ಹಾಕಿದ ಬೆಂಚು ಅದು. ಆ ಸಂಗತಿ ಎಲ್ಲರಿಗೂ ತಿಳಿದಿತ್ತು, ಅಮೋಘಸಿದ್ದನಿಗೂ ತಿಳಿದಿತ್ತು. ಬೆಂಚು ಬೆಂಚೇ ಅಲ್ಲವೇ ಎಂದುಕೊಂಡು ಚಾರ್ಜರ್ ಚುಚ್ಚಿ ಕಾಲು ಚಾಚಿ ಕುಳಿತ. ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದವರೆಲ್ಲ ಅವನನ್ನೇ ನೋಡತೊಡಗಿದ್ದು ಅವನ ಗಮನಕ್ಕೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಕೋಣೆಯ ಬಾಗಿಲು ತೆರೆದು ಗುರಲಿಂಗಪ್ಪನವರು ಹೊರಬಂದರು. "ಸೋಮವಾರ ತಪ್ಪಸಬ್ಯಾಡ್ರಿ ಮತ್ತ" ಎಂದು ಡಾಕ್ಟರು ಒಳಗಿಂದ ಅಂದದ್ದು ಕೇಳಿಸಿತು. ಮತ್ತೊಂದು ಶಿಬಿರ ಇರಬೇಕು ಎಂದುಕೊಂಡ ಅಮೋಘಸಿದ್ದ. ಅವನನ್ನು ಕಂಡು ಸಾವಕಾರರು ಹಾವು ಮೆಟ್ಟಿದವರ ಹಾಗೆ ನಿಂತರು.

"ನೀ ಯಾವಾಗಿಂದ ಕುಂತೀಯೋ ಇಲ್ಲಿ?"

"ಈಗ ಬಂದೇನ್ರಿ. ಚಾರ್ಜ್ ಹಚ್ಚೀನಿ."

ಸಾವಕಾರರು ಪ್ಲಗ್ಗನ್ನು ನೋಡಿದರು, ಅವನನ್ನು ನೋಡಿದರು. ಆಮೇಲೆ ಎಂದೂ ಇಲ್ಲದ ಹಾಗೆ ಅವನ ಹೆಗಲ ಮೇಲೆ ಕೈ ಇಟ್ಟು, "ಮನಿಗಿ ಹೋಗಪಾ. ಉಂಡು ಆರಾಮ ಮಾಡು" ಎಂದರು. ಹೊಸ ಲಾರಿಯ ಡ್ರೈವರನಿಗೆ ಸಲ್ಲುವ ಮರ್ಯಾದೆ ಇದು ಎಂದುಕೊಂಡು ಅಮೋಘಸಿದ್ದ ಹಿಗ್ಗಿದ. ಅರ್ಧಮರ್ಧ ಚಾರ್ಜಾದ ಮೊಬೈಲನ್ನು ಕಿತ್ತುಕೊಂಡು ಹೊರಟ. ತಿಕೋಟಾದ ದಾರಿಯಲ್ಲಿ ಒಂದು ಕಡೆ ನಿಂತು ಹೊಸ ಲಾರಿಯ ಫೋಟೋಗಳನ್ನು ಮತ್ತೆ ಮತ್ತೆ ನೋಡುತ್ತ ಕುಳಿತದ್ದರಿಂದ ಅದೂ ಖಾಲಿಯಾಗಿ ಮೊಬೈಲು ಕಣ್ಣು ಮುಚ್ಚಿತು.

ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಯಾರಿಗೆ ಏನಾಯಿತೋ ಎಂದು ಒಳಗೆ ಓಡಿದರೆ, ಪಡಸಾಲೆಯ ತುಂಬ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ಕುಳಿತಿದ್ದರು. ಒಂದು ಮೂಲೆಯಲ್ಲಿ ಬ್ರೆಡ್ಡು, ಬಿಸ್ಕೀಟು, ಬಾಳೆಹಣ್ಣು. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಮಾತಾಡಿಸಲು ಬರುವವರು ತರುವ ಸಾಮಾನು ಇದು. ಎಲ್ಲವೂ ಬಂದಾಗಿತ್ತು, ಬರಬೇಕಾಗಿದ್ದದ್ದು ರೋಗಿಯೊಬ್ಬನೇ.

"ಬಂದ್ಯಾ ಯಣ್ಣಾ?" ಎಂದು ಬಾಜೂ ಮನೆಯ ಮಹಾನಂದಾ ಎದ್ದು ನಿಂತು ಜಾಗ ಬಿಟ್ಟಳು. "ಹಗೂರ ಕುಂದ್ರು. ಹಿಂಗ ಆಗಬಾರದಿತ್ತು ನೋಡು."

"ಏನಾಗೇತಿ?"

ಒಳಗಿನಿಂದ ರಾಚವ್ವ ಕಣ್ಣು ಊದಿಸಿಕೊಂಡು ಬಂದಳು. "ನನಗೊಂದ ಮಾತು ಹೇಳಬೇಕೋ ಬ್ಯಾಡೋ ನೀವು? ಚಂಚಿ ಸುಟ್ಟು ಹಾಕಿದಾಕಿ ನಾನು. ನನ್ನ ಮುಂದ ಮುಚ್ಚಿಡ್ತೀರಿ?"

"ಏನ್ ಮುಚ್ಚಿಟ್ಟೀನ?"

"ಬಾಯಾಗಿಂದು!"

ಅಮೋಘಸಿದ್ದನಿಗೆ ಸಂಗತಿ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನು ನಕ್ಕುಬಿಟ್ಟ. ಅದು ದೊಡ್ಡ ತಪ್ಪಾಯಿತು. "ದುಃಖ ಬಾಳ ಆದ್ರ ಹಂಗ ನಗ್ತಾರ" ಎಂದು ಯಾರೋ ಮೆಲ್ಲಗೆ ಅಂದರು. "ಎಷ್ಟ ಛಲೋ ಮನಶ್ಯಾ ಇದ್ದ" ಎಂದು ಮೂಲೆಯಲ್ಲಿದ್ದ ಮುದುಕನೊಬ್ಬ ನಿಟ್ಟುಸಿರು ಬಿಟ್ಟ.

"ಇದ್ದ ಅಲ್ಲ ಕಾಕಾ, ಇದ್ದೀನಿ! ನನಗ ಏನೂ ಆಗಿಲ್ಲ. ಡಾಕ್ಟರಮ್ಮ ನೋಡಿ ಸ್ವಚ್ಛ ಐತಿ ಅಂದಾರ."

ಮಹಾನಂದಾ ತಿಳಿದವಳ ಹಾಗೆ ತಲೆಯಾಡಿಸಿದಳು. "ಡಾಕ್ಟರು ಏನೂ ಇಲ್ಲ ಅಂದ್ರ ಬಾಳ ಐತಿ ಅಂತನ ತಿಳ್ಕೋಬೇಕು. ರೋಗಿ ಮುಂದ ಖರೇ ಹೇಳ್ತಾರೇನು? ಹೋಗ್ಲಿ, ಆ ಬೆಂಚಿನ ಮ್ಯಾಲ ಕುಂತಿದ್ದಿಲ್ಲೋ?"

"ಕುಂತಿದ್ದೆ. ಚಾರ್ಜ್ ಹಚ್ಚಿ ಕುಂತಿದ್ದೆ!"

"ಕುಂತಿದ್ನಂತ" ಎಂದು ಮಹಾನಂದಾ ಉಳಿದವರಿಗೆ ಹೇಳಿದಳು. ಚಾರ್ಜಿನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಅಮೋಘಸಿದ್ದ ಸಿಟ್ಟಿಗೆದ್ದು, ನಡುಮನೆಯಲ್ಲಿ ನಿಂತು ಬಾಯಿ ತೆರೆದು ಮೂರು ಬೆರಳು ಒಳಗೆ ಹಾಕಿ ಒಬ್ಬೊಬ್ಬರಿಗೂ ತೋರಿಸಿದ. ಯಾರು ನಂಬಿದರು? ಹಿರಿಯ ಹೆಂಗಸೊಬ್ಬಳು ಹೌಹಾರಿ, "ವಾಂತಿ ಬರಾಕತ್ತೇತಿ, ಬೋಗಾಣಿ ತರ್ರೇ!" ಎಂದು ಕೂಗಿದಳು. ಬೋಗಾಣಿ ಬಂತು. ಒಬ್ಬರು ಬೆನ್ನು ನೀವಿದರು. ಅರಕೇರಿಯಲ್ಲಿ ಒಬ್ಬ ಎಲೆಯ ಔಷಧ ಕೊಡುತ್ತಾನೆ, ಎಂಥೆಂಥ ಗಂಟನ್ನೂ ಕರಗಿಸಿದ್ದಾನೆ ಎಂದು ಮಹಾನಂದಾ ಹೇಳಿದಳು.

"ಅವನ ಔಷಧ ಇರ್ಲಿ, ಮೊದಲ ನನಗೊಂದು ರೋಗ ಕೊಡಿಸವ್ವಾ ತಾಯಿ!" ಎಂದು ಅಮೋಘಸಿದ್ದ ಕೈ ಮುಗಿದ.

ಹಸಿವೆ ಬೇರೆ. ಮಾತಾಡಿಸಲು ಬಂದವರಿಗೆ ರಾಚವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಹಚ್ಚಿ ಕೊಟ್ಟಿದ್ದಳು. ಗಂಡನ ಮುಂದೆ ಮಾತ್ರ ಒಂದು ಬಟ್ಟಲು ತೆಳ್ಳಗಿನ ಗಂಜಿ ತಂದಿಟ್ಟಳು. "ರೊಟ್ಟಿ ಎಲ್ಲಿ?" ಎಂದರೆ, "ನುಂಗಾಕ ಆಗತೈತೇನ್ರಿ ನಿಮಗ?" ಎಂದು ಮತ್ತೆ ಬಿಕ್ಕಿದಳು. ತನ್ನ ಮನೆಯಲ್ಲೇ ತನ್ನ ಪಾಲಿನ ರೊಟ್ಟಿಯನ್ನು ಮಹಾನಂದಾ ಮುರಿದು ತಿನ್ನುವುದನ್ನು ನೋಡುತ್ತ ಅವನು ಗಂಜಿ ಕುಡಿದ. ಹೊಟ್ಟೆ ಉರಿದು ಹೋಯಿತು.

ಆಗಲೇ ಯಾರೋ ಆ ಮಾತು ಅಂದರು. "ಹೊಸಾ ಗಾಡಿ ಆ ಡ್ರೈವರ್ ಸಾಬಣ್ಣಗ ಕೊಟ್ರಂತ. ಪಾಪ, ಸಾವಕಾರ್ರರೆ ಏನ್ ಮಾಡ್ಯಾರು."

ಅಮೋಘಸಿದ್ದ ಬಟ್ಟಲು ಕೆಳಗಿಟ್ಟ. ಈ ಸುದ್ದಿಯ ಬುಡ ಹಿಡಿದು ಕಿತ್ತು ಹಾಕದಿದ್ದರೆ ಲಾರಿ ಕೈ ತಪ್ಪುತ್ತದೆ. "ಯಾರು ಹೇಳಿದ್ರು ನಿನಗ?" ಎಂದು ಮಹಾನಂದಾಳನ್ನು ಕೇಳಿದ.

"ಬಬಲೇಶ್ವರದಿಂದ ನಿಮ್ಮಕ್ಕ ಚಂದ್ರಕಲಾ. ನಿಮ್ಮಿಬ್ಬರ ಫೋನೂ ಹತ್ತಲಿಲ್ಲಂತ ನನಗ ಹಚ್ಚಿ ಹೊಯ್ಕೊಂಡ್ಲು. ನಮ್ಮನ್ಯಾಗ ಇನ್ವರ್ಟರ್ ಐತಲ್ಲ."

ಅವನು ಬೈಕಿನ ಕಡೆ ನಡೆದ. ರಾಚವ್ವ ಹಿಂದೆಯೇ ಬಾಗಿಲಿಗೆ ಬಂದಳು. ಅವನು ಅವಳ ಕೈಗೆ ಸ್ಟೀಲಿನ ಬಾಟಲಿ ಕೊಟ್ಟು, "ನನ್ನ ಮಾತು ನಂಬಬ್ಯಾಡ. ಕರೆಂಟ್ ಬಂದ ಮ್ಯಾಲ ಇದರ ಮ್ಯಾಲಿನ ನಂಬರಿಗೆ ಫೋನ್ ಹಚ್ಚಿ ಡಾಕ್ಟರಮ್ಮನ್ನ ಕೇಳು" ಎಂದ. ಅವಳು ಬಾಟಲಿಯನ್ನು ಎದೆಗೆ ಒತ್ತಿಕೊಂಡು, "ಗಾಡಿ ಹಗೂರ ಓಡಸ್ರಿ" ಎಂದಳಷ್ಟೇ.

ಬಬಲೇಶ್ವರದಲ್ಲಿ ಅಕ್ಕ ಚಂದ್ರಕಲಾ ಅವನನ್ನು ಕಂಡದ್ದೇ, "ತಮ್ಮಾ!" ಎಂದು ಕೊರಳಿಗೆ ಬಿದ್ದಳು. ಅವಳ ಅಳು ನಿಲ್ಲುವುದನ್ನೇ ಕಾಯುತ್ತ, ಅವನು ಒಂದು ಕೈಯಿಂದ ಗೋಡೆ ತಡವಿ ಪ್ಲಗ್ಗು ಹುಡುಕಿ ಮೊಬೈಲು ಚುಚ್ಚಿದ. ಈ ಸಲ ನಿಂತೇ ಚುಚ್ಚಿದ. ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋಗಿ ಬಟ್ಟಲಿನಲ್ಲಿ ಏನೋ ತಂದಳು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು.

"ಅಕ್ಕಾ, ನಿನ್ನ ಕಾಲು ಬೀಳ್ತೀನಿ, ಒಂದು ರೊಟ್ಟಿ ಕೊಡು. ಒಣಗಿದ ಕಟಿ ರೊಟ್ಟಿ ಇದ್ರೂ ನಡೀತೈತಿ."

"ಸಣ್ಣಂವ ಇದ್ದಾಗೂ ಹಿಂಗ ಹಟ ಮಾಡ್ತಿದ್ದೆಪಾ ನೀ" ಎಂದು ಅವಳು ಚಮಚೆಯಿಂದ ಬಾಯಿಗೇ ಇಡಲು ಬಂದಳು.

"ನಿನಗ ಯಾರು ಹೇಳಿದ್ರು ಅದನ್ನ ಹೇಳು ಮೊದಲ."

ಹೇಳಿದವನು ಬಾಜೂ ಮನೆಯ ಸಾಬಣ್ಣ. ಅವನೂ ಗುರಲಿಂಗಪ್ಪನವರ ಡ್ರೈವರೇ. ಅಮೋಘಸಿದ್ದ ಹೋಗಿ ನೋಡಿದರೆ ಸಾಬಣ್ಣ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಬಳಿದು, ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟು, ನಿಂಬೆಹಣ್ಣು ತೆಂಗಿನಕಾಯಿ ಇದ್ದ ಚೀಲ ಹಿಡಿದು ಹೊರಟು ನಿಂತಿದ್ದ. ಇವನನ್ನು ಕಂಡು ಚೀಲ ಕೆಳಗೆ ಹಾಕಿ ತಬ್ಬಿಕೊಂಡು ಗೊಳೋ ಎಂದ.

"ದೋಸ್ತ, ನಾ ಕೇಳಿಲ್ಲೋ ಗಾಡೀನ! ಅವರಾಗೆ ಕೊಟ್ರು. ಆದ್ರ ನೀ ಚಿಂತಿ ಮಾಡಬ್ಯಾಡ. ಗಾಡಿ ಹಿಂದ ನಿನ್ನ ಹೆಸರು ಬರಸ್ತೀನಿ. ಸುತ್ತ ಹೂವಿನ ಚಿತ್ರ, ನಡುವ ಅಮೋಘಸಿದ್ದ ಅಂತ. ಕಲ್ಕತ್ತಾತನಕಾ ಮಂದಿ ಓದಬೇಕು."

"ನಾ ಇನ್ನೂ ಸತ್ತಿಲ್ಲಲೇ!"

"ನೀ ಇರೂದ್ರಾಗನ ಬರಸ್ತೀನಿ, ನೋಡಿ ಹೋಗು."

ಅಮೋಘಸಿದ್ದ ಹಲ್ಲು ಕಚ್ಚಿದ. "ಹೋಗ್ಲಿ, ನೀ ಬಾಯಿ ತೋರಿಸಿದೇನು ಡಾಕ್ಟರಮ್ಮಗ?"

ಸಾಬಣ್ಣ ಆ ಕಡೆ ಈ ಕಡೆ ನೋಡಿದ. "ಇಲ್ಲೋ ಮಾರಾಯಾ. ಉಪ್ಪಿಟ್ಟು ತಿಂದೆ, ಬಾಟ್ಲಿ ತೊಗೊಂಡೆ, ಹಿಂದಿನ ಕಡಿಂದ ಬಂದೆ. ತೋರಿಸಿದ್ರ ಬರತೈತೆಪಾ ಅದು. ನೀ ತೋರಿಸಿದಿ, ನಿನಗ ಬಂತು. ನಾ ತೋರಿಸಲಿಲ್ಲ, ನನಗ ಬರಲಿಲ್ಲ."

ಅಮೋಘಸಿದ್ದ ಅವನನ್ನು ಗೋಡೆಗೆ ಒತ್ತಿ ಹಿಡಿದು, "ತಗಿ ಬಾಯಿ, ಹಾಕು ಮೂರು ಬೆರಳು!" ಎಂದು ಗದರಿಸಿದ. ಸಾಬಣ್ಣ ಹಾಕಿಕೊಂಡ. ಮೂರೂ ಹೋದವು. ಅವನ ಮುಖ ಅರಳಿತು. "ಹೋದ್ವೋ!"

"ಒಳಗ ಕಲೆ ಗಿಲೆ ಐತೋ ಇಲ್ಲೋ ಅದನ್ನ ಡಾಕ್ಟರಮ್ಮಗ ತೋರಿಸಬೇಕು ಮತ್ತ. ಈಗ ನನ್ನ ನೋಡು!" ಎಂದು ಅಮೋಘಸಿದ್ದ ತನ್ನ ಬಾಯಿಗೆ ಬೆರಳು ಹಾಕಿದ. ತಿಕೋಟಾದಲ್ಲಿ ಹತ್ತಾರು ಸಲ ತೋರಿಸಿ ತೋರಿಸಿ ತುಟಿಯ ಮೂಲೆ ಮೊದಲೇ ಹುಣ್ಣಾಗಿತ್ತು, ಈಗ ಸೀಳಿತು. "ಅಯ್ಯಯ್ಯೋ!" ಎಂದು ಬಾಯಿ ಹಿಡಿದುಕೊಂಡ. ಗೋಡೆಯಾಚೆ ನಿಂತು ನೋಡುತ್ತಿದ್ದ ಚಂದ್ರಕಲಾ ಕಿಟಾರನೆ ಕಿರುಚಿದಳು. ಅಲ್ಲಿಗೆ ಬಬಲೇಶ್ವರದಲ್ಲಿ ಅನುಮಾನವಿದ್ದ ಒಬ್ಬಿಬ್ಬರಿಗೂ ಖಾತ್ರಿಯಾಯಿತು.

ಸಾಬಣ್ಣನಿಗೆ ಹೇಳಿದವರು ಸಾವಕಾರರ ಹೆಂಡತಿ ವಿಜಯಲಕ್ಷ್ಮೀ. ಇಬ್ಬರೂ ಒಂದೇ ಬೈಕಿನಲ್ಲಿ ವಿಜಯಪುರಕ್ಕೆ ಹೊರಟರು. ಓಡಿಸಲು ಅಮೋಘಸಿದ್ದನಿಗೆ ಬಿಡಲಿಲ್ಲ. "ಇಂಥಾದ್ರಾಗ ನೀ ಓಡಸ್ತೀ?" ಎಂದು ಸಾಬಣ್ಣ ಕಣ್ಣು ಕೆಂಪಗೆ ಮಾಡಿದ. ಹೀಗೆ, ತನ್ನದೇ ಬೈಕಿನ ಹಿಂದಿನ ಸೀಟಿನಲ್ಲಿ, ತನ್ನದಾಗಬೇಕಿದ್ದ ಲಾರಿಯ ಪೂಜೆಗೆ ಬೇರೊಬ್ಬನು ತಂದ ತೆಂಗಿನಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಅಮೋಘಸಿದ್ದ ಜೋರಾಪುರ ಪೇಟೆಗೆ ಬಂದಿಳಿದ.

ಲಾರಿ ಚೆಂಡುಹೂವಿನ ಮಾಲೆ ಹಾಕಿಕೊಂಡು ಮದುವಣಗಿತ್ತಿಯ ಹಾಗೆ ನಿಂತಿತ್ತು. ಅಮೋಘಸಿದ್ದ ಅದರ ಮುಖ ನೋಡಲಿಲ್ಲ, ನೋಡಿದರೆ ಅಳು ಬರುತ್ತಿತ್ತು. ವಿಜಯಲಕ್ಷ್ಮೀ ಆರತಿಯ ತಟ್ಟೆಯನ್ನು ಅಲ್ಲಿಯೇ ಇಟ್ಟು ಎದುರು ಬಂದಳು.

"ಯಾಕ ಬರಾಕ ಹೋದಿ ತಮ್ಮಾ ಇಂಥಾದ್ರಾಗ?"

"ಅಕ್ಕಾರ, ನನಗ ರೋಗ ಐತಿ ಅಂತ ನಿಮಗ ಯಾರು ಹೇಳಿದ್ರು?"

"ನಮ್ಮನಿಯವ್ರು. ಡಾಕ್ಟರ್ ಜೋಡಿ ಒಳಗ ಅಷ್ಟೊತ್ತು ಏನ್ ಮಾತಾಡಿದ್ರಿ ಅಂತ ನಾನ ಕೇಳ್ದೆ. ಅಮೋಘಂದು ಹಿಂಗ ಆಗ್ಯದ, ಅದನ್ನ ಮಾತಾಡ್ದೆ ಅಂದ್ರು. ನೋಡಿದ್ರ ನೀ ಆ ಬೆಂಚಿನ ಮ್ಯಾಲ ಕುಂತಿದ್ದಿ. ಉಪ್ಪಿಟ್ಟು ನೀಡಾಕ ನನ್ನ ಕೈ ಏಳಲಿಲ್ಲ ನೋಡು."

ಸುದ್ದಿಯ ಬುಡ ಸಿಕ್ಕಿತು. ಅದು ಹಿಂದಿನ ಗೋದಾಮಿನಲ್ಲಿ ಒಣದ್ರಾಕ್ಷಿ ಪೆಟ್ಟಿಗೆಗಳ ನಡುವೆ ಒಬ್ಬಂಟಿಯಾಗಿ ಕುಳಿತಿತ್ತು. ಅಮೋಘಸಿದ್ದ ಒಳಗೆ ನುಗ್ಗಿ ಬಾಗಿಲು ದೂಡಿದ. ಇಷ್ಟು ವರ್ಷದಲ್ಲಿ ಸಾವಕಾರರ ಮುಂದೆ ಅವನು ದನಿ ಎತ್ತಿದವನಲ್ಲ.

"ಸಾವಕಾರ್ರ, ನಾ ಚಾರ್ಜ್ ಹಚ್ಚಾಕ ಕುಂತಿದ್ದೆ. ನಿಮ್ಮ ಕಣ್ಣಿಲೆ ನೋಡೀರಿ. ಗೊತ್ತಿತ್ತಿಲ್ರಿ ನಿಮಗ?"

"ಗೊತ್ತಿತ್ತು" ಎಂದರು ಗುರಲಿಂಗಪ್ಪ.

ಈ ಉತ್ತರಕ್ಕೆ ಅಮೋಘಸಿದ್ದ ತಯಾರಿರಲಿಲ್ಲ. "ಮತ್ತ? ನನ್ನ ಮನ್ಯಾಗ ಮಂದಿ ಬ್ರೆಡ್ ತೊಗೊಂಡು ಕುಂತಾರ್ರಿ! ಸಾಬಣ್ಣ ಗಾಡಿ ಹಿಂದ ನನ್ನ ಹೆಸರು ಬರಸ್ತಾನಂತ! ನೋಡ್ರಿ ಇಲ್ಲಿ" ಎಂದು, ಸೀಳಿದ ತುಟಿ ಚುರುಗುಟ್ಟುತ್ತಿದ್ದರೂ ಮೂರು ಬೆರಳು ಬಾಯಿಗೆ ಹಾಕಿ ತೋರಿಸಿದ.

ಗುರಲಿಂಗಪ್ಪನವರು ಅದನ್ನು ನೋಡಿದರು. ಆಮೇಲೆ ತಮ್ಮ ಬಲಗೈ ಎತ್ತಿ ಬೆರಳುಗಳನ್ನು ಬಾಯಿಗೆ ತಂದರು. ಒಂದು ಒಳಗೆ ಹೋಯಿತು. ಎರಡನೆಯದು ಉಗುರಿನವರೆಗೆ ಹೋಗಿ ನಿಂತಿತು. ಇನ್ನೊಮ್ಮೆ ದೂಡಿದರು, ಹೋಗಲಿಲ್ಲ. ಕೈ ಕೆಳಗಿಟ್ಟರು.

ಹೊರಗೆ ಸಾಬಣ್ಣ ಲಾರಿಯ ಹಾರ್ನ್ ಬಾರಿಸಿ ನೋಡುತ್ತಿದ್ದ.

"ಗಲ್ಲದ ಒಳಗ ಬಿಳಿ ಕಲೆ ಅದಾವಂತ" ಎಂದರು ಸಾವಕಾರರು. "ಒಂದು ಚೂರು ತಗದು ಪರೀಕ್ಷಾ ಮಾಡಬೇಕಂತ, ದೊಡ್ಡ ದವಾಖಾನ್ಯಾಗ. ಸೋಮವಾರ ಬಾ ಅಂದಾರ. ಈಗ ಬಂದೀರಿ, ಛಲೋ ಆತು, ಇನ್ನ ತಡಾ ಮಾಡಬ್ಯಾಡ್ರಿ ಅಂದ್ರು."

"ಮತ್ತ ಹೋಗ್ರಿ!"

"ಹೆಂಗ ಹೋಗ್ಲೋ? ಮುಂಜಾನೆ ಮೈಕ್ ಹಿಡದು ಊರಿಗೆಲ್ಲಾ ಬುದ್ಧಿ ಹೇಳಿದಾಂವ ನಾ. ಈಕಿ ಅಂತೂ ಕೇಳಿದ್ರ ಅನ್ನ ನೀರು ಬಿಡ್ತಾಳ. ನಿನಗ ಹೋಗು ಅಂದು ಹೊರಬಿದ್ರ, ಬಾಗಿಲಾಗ ನಿಂತು ಒಳಗೇನ್ ಮಾಡಿದ್ರಿ ಅಂತ ಕೇಳಿದ್ಲು. ನನಗ ಸುಳ್ಳು ಹೊಳಿಲಿಲ್ಲ. ಕಣ್ಣ ಮುಂದ ನೀ ಕುಂತಿದ್ದಿ."

ಅಮೋಘಸಿದ್ದನಿಗೆ ಸಿಟ್ಟು ಬಂತು, ಮರುಕ ಬಂತು, ಎರಡರ ನಡುವೆ ಹೊಟ್ಟೆಯೂ ಗುರ್ ಎಂದಿತು. ಸಾವಕಾರರು ಅವನ ಕೈ ಹಿಡಿದುಕೊಂಡರು.

"ಸೋಮವಾರ ನನ್ನ ಜೋಡಿ ಬಾ. ಊರ ಮುಂದ ರೋಗಿ ನೀ, ಜೋಡಿಗೆ ಬಂದಾಂವ ನಾ. ಡ್ರೈವರನ್ನ ಸಾವಕಾರ ತೋರಿಸ್ಕೊಂಡು ಬರಾಕ ಹೋಗ್ಯಾನ ಅಂತಾರ, ಯಾರೂ ತಿರುಗಿ ಕೇಳಾಂಗಿಲ್ಲ. ಒಳಗ ಹೋಗಾಂವ ನಾ, ಹೊರಗ ಕುಂದ್ರಾಂವ ನೀ."

"ಮತ್ತ ನನ್ನ ಗಾಡಿ?"

"ಹುಚ್ಚಪ್ಯಾಟಿ, ರೋಗಿ ಕಲ್ಕತ್ತಾಕ್ಕ ಗಾಡಿ ಹೊಡಕೊಂಡು ಹೋದ್ರ ಮಂದಿ ನಂಬ್ತಾರೇನು?"

"ನಾ ಒಲ್ಲೆ ಅಂದ್ರ?"

"ಒಲ್ಲೆ ಅನ್ನು. ನಾನೂ ಹೋಗಾಂಗಿಲ್ಲ." ಇದನ್ನು ಅವರು ಹೆದರಿಸಲೆಂದು ಹೇಳಲಿಲ್ಲ. ತೀರ ಸಣ್ಣ ದನಿಯಲ್ಲಿ, ಹೆದರಿದವನು ಹೇಳುವ ಹಾಗೆ ಹೇಳಿದರು. ಅದಕ್ಕೇ ಅಮೋಘಸಿದ್ದ ಸಿಕ್ಕಿಬಿದ್ದ.

ಬಾಗಿಲು ತೆರೆದು ಒಂದೇ ಒಂದು ಮಾತು ಕೂಗಿದ್ದರೆ ಲಾರಿ ಅವನದಾಗುತ್ತಿತ್ತು. ಸಾವಕಾರರ ಬಾಯಿ ಮಾತ್ರ ಮತ್ತೆಂದೂ ಡಾಕ್ಟರ ಮುಂದೆ ತೆರೆಯುತ್ತಿರಲಿಲ್ಲ. ಅಮೋಘಸಿದ್ದ ಮೂಲೆಯಲ್ಲಿದ್ದ ಕಸದ ಡಬ್ಬಿಯನ್ನು ಎಳೆದು ಸಾವಕಾರರ ಮುಂದಿಟ್ಟ.

"ಮೊದಲ ದವಡ್ಯಾಗಿಂದು ಉಗಳ್ರಿ."

ಸಾವಕಾರರು ಉಗುಳಿದರು.

"ಕಿಸೇದಾಗಿಂದೂ."

ಗುರಲಿಂಗಪ್ಪನವರು ಕೊಂಚ ತಡೆದು, ಕಿಸೆಯಿಂದ ಪುಡಿಕೆ ತೆಗೆದು ಅದನ್ನೂ ಹಾಕಿದರು. ಅವರ ಎಡಗೆನ್ನೆ ಮೊದಲ ಸಲ ಚಪ್ಪಟೆಯಾಗಿ ಕಂಡಿತು. "ಸೋಮವಾರ ಬರ್ತೀನ್ರಿ" ಎಂದ ಅಮೋಘಸಿದ್ದ.

ಇಬ್ಬರೂ ಹೊರಬಂದರು. ಸಾವಕಾರರ ಕೈ ಅವನ ಹೆಗಲ ಮೇಲಿತ್ತು. "ನಾನ ಖುದ್ದು ಕರ್ಕೊಂಡು ಹೊಂಟೀನಿ ಇವನ್ನ" ಎಂದು ಅವರು ಹೇಳಿದ್ದೇ ತಡ, ಪೂಜೆಗೆ ನೆರೆದ ಪೇಟೆಯ ಜನ ತಲೆದೂಗಿದರು. "ಮಾಲಕ ಅಂದ್ರ ಹಿಂಗಿರಬೇಕು" ಎಂದರು. ವಿಜಯಲಕ್ಷ್ಮೀ ಕಣ್ಣೀರು ತುಂಬಿಕೊಂಡು ಗಂಡನ ಮುಖ ನೋಡಿದಳು. ತೆಂಗಿನಕಾಯಿ ಒಡೆಯಿತು, ನಿಂಬೆಹಣ್ಣು ಗಾಲಿಯಡಿ ಅಪ್ಪಚ್ಚಿಯಾಯಿತು, ಚಾವಿ ಸಾಬಣ್ಣನ ಕೈಗೆ ಹೋಯಿತು. ಅಮೋಘಸಿದ್ದ ಕಿಸೆಯಿಂದ ಕೆಂಪು ಗೊಂಡೆ ತೆಗೆದು ಕ್ಯಾಬಿನ್ನಿಗೆ ಹತ್ತಿ, ತಣ್ಣನೆಯ ಗಾಳಿಯಲ್ಲಿ ಅರೆಗಳಿಗೆ ಕುಳಿತು, ಅದನ್ನು ಕನ್ನಡಿಯ ಹತ್ತಿರ ಕಟ್ಟಿದ. "ಹೋಗೂ ಮುಂದ ಡಾಕ್ಟರಮ್ಮಗ ಬಾಯಿ ತೋರಿಸಿ ಹೋಗು" ಎಂದು ಸಾಬಣ್ಣನಿಗೆ ಹೇಳಿ ಕೆಳಗಿಳಿದ. ಸಾಬಣ್ಣ ಮತ್ತೆ ಅತ್ತ.

ಅಷ್ಟರಲ್ಲಿ ಅವನ ಮೊಬೈಲು ಬಡಿದುಕೊಂಡಿತು. ಅಕ್ಕನ ಮನೆಯಲ್ಲಿ ಹೀರಿಕೊಂಡಿದ್ದ ಒಂದಿಷ್ಟು ಜೀವ ಅದರಲ್ಲಿತ್ತು. ರಾಚವ್ವನ ದನಿ ಖುಷಿಯಿಂದ ಒಡೆಯುತ್ತಿತ್ತು.

"ಕರೆಂಟ್ ಬಂತ್ರೀ! ಬಾಟ್ಲಿ ಮ್ಯಾಲಿನ ನಂಬರಿಗೆ ಹಚ್ಚಿ ಡಾಕ್ಟರಮ್ಮನ ಜೋಡಿ ಮಾತಾಡಿದೆ. ನಿಮಗ ಏನಂದ್ರ ಏನೂ ಇಲ್ಲಂತ! ಈ ಮಹಾನಂದಾ ಇಲ್ಲೇ ಕುಂತಾಳ, ಅಕಿಗೆ ನೀವ ಹೇಳ್ರಿ. ಸ್ಪೀಕರ್ ಹಾಕೀನಿ. ಎಲ್ಲಾರ್ನೂ ಬೈದು ಹೊರಗ ಹಾಕ್ಲಿ?"

ಎದುರಿಗೆ ವಿಜಯಲಕ್ಷ್ಮೀ ನಿಂತಿದ್ದಳು. ಅವಳ ಹಿಂದೆ ಗುರಲಿಂಗಪ್ಪನವರು ಅವನನ್ನೇ ನೋಡುತ್ತಿದ್ದರು. ಹೆಂಡತಿಗಾದರೂ ನಿಜ ಹೇಳಬೇಕು, ಆದರೆ ಸ್ಪೀಕರಿನ ಆ ತುದಿಯಲ್ಲಿ ಮಹಾನಂದಾಳ ಕಿವಿಯಿತ್ತು, ಅಂದರೆ ಇಡೀ ತಿಕೋಟಾದ ಕಿವಿಯಿತ್ತು.

"ಹಾಕಬ್ಯಾಡ" ಎಂದ ಅಮೋಘಸಿದ್ದ. "ಕುಂದ್ರಸು. ಎಲ್ಲಾರಿಗೂ ಚಾ ಮಾಡು."

"ಯಾಕ್ರಿ?" ರಾಚವ್ವನ ದನಿ ಇಳಿಯಿತು. "ಮತ್ತ ಡಾಕ್ಟರಮ್ಮ... ಖರೇನ ಐತೇನ್ರಿ?"

"ರೋಗಿ ಮುಂದ ಖರೇ ಹೇಳಾಂಗಿಲ್ಲ ಅಂತ ನಾ ಅನ್ನಲಿಲ್ಲೇನು?" ಎಂದು ಹಿಂದಿನಿಂದ ಮಹಾನಂದಾ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. "ಏ ರಾಚೀ, ನಾ ಮನಿಗಿ ಬಂದು ಎಲ್ಲಾ ಹೇಳ್ತೀನಿ, ನೀ ಅಳಬ್ಯಾ..." ಎಂದು ಅಮೋಘಸಿದ್ದ ಅನ್ನುವಷ್ಟರಲ್ಲಿ ಮೊಬೈಲು ಕಪ್ಪಗಾಯಿತು.

ವಿಜಯಲಕ್ಷ್ಮೀ ಅವನ ಕೈಗೆ ಒಂದು ಬಟ್ಟಲು ಕೊಟ್ಟಳು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು.

"ಚಾರ್ಜ್ ತೀರೇತೇನು ತಮ್ಮಾ? ಅಲ್ಲಿ ಕಟ್ಟಿ ಹತ್ರ ಬೆಂಚ್ ಅದ ನೋಡು, ಅದರ ಮ್ಯಾಲ ಪ್ಲಗ್ ಅದ. ಹಚ್ಚಿ ಆರಾಮ ಕುಂದ್ರು."

"ಬ್ಯಾಡ್ರಿ ಅಕ್ಕಾರ" ಎಂದು ಅಮೋಘಸಿದ್ದ ಎರಡು ಹೆಜ್ಜೆ ಹಿಂದೆ ಸರಿದ. "ನಾ ನಿಂತ ಇರ್ತೀನಿ."